ಲೀನಾ ಸ್ಟರ್ನ್

ಲೀನಾ ಸೊಲೊಮೊನೊವ್ನಾ ಸ್ಟರ್ನ್ (26 ಆಗಸ್ಟ್ 1878 – 7 ಮಾರ್ಚ್ 1968) ಸೋವಿಯತ್ ಒಕ್ಕೂಟದ ಶರೀರಕ್ರಿಯಾ ವಿಜ್ಞಾನಿ. ರಕ್ತ ಮತ್ತು ಮಿದುಳಿನ ನಡುವಣ ತಡೆಯನ್ನು ಕುರಿತ ಸಂಶೋಧನೆಗಾಗಿಯೂ, ಆ ತಡೆಯನ್ನು ತಪ್ಪಿಸಿ ಮಿದುಳಿಗೆ ಔಷಧ ತಲುಪಿಸುವ ಪ್ರಯತ್ನಕ್ಕಾಗಿಯೂ ಹೆಸರಾದವರು. 1939ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯರಾದ ಮೊದಲ ಮಹಿಳೆ.

ಜಿನೀವಾದ ದಿನಗಳು

ಇವರ ಜನನ ಇಂದಿನ ಲಾಟ್ವಿಯಾದ ಲಿಯೆಪಾಯಾದಲ್ಲಿ, ಯಹೂದಿ ಕುಟುಂಬದಲ್ಲಿ. ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ ಮಹಿಳೆಯರಿಗೂ ಯಹೂದಿಗಳಿಗೂ ಉನ್ನತ ಶಿಕ್ಷಣ ದುರ್ಲಭವಾಗಿತ್ತು. ಸ್ಟರ್ನ್ ಜಿನೀವಾದಲ್ಲಿ ವೈದ್ಯಶಾಸ್ತ್ರ ಕಲಿತು, 1918ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕರಾದರು.

ಪ್ರಾಣಿಗಳ ರಕ್ತಕ್ಕೆ ಕೆಲವು ಬಣ್ಣಗಳನ್ನು ಸೇರಿಸಿದಾಗ ಉಳಿದ ಅಂಗಗಳು ಬಣ್ಣವೇರಿದರೂ ಮಿದುಳು ಹಾಗೆಯೇ ಉಳಿಯುವುದನ್ನು ಪಾಲ್ ಎರ್ಲಿಖ್ ಮೊದಲೇ ಗಮನಿಸಿದ್ದರು. ಸ್ಟರ್ನ್ ಮತ್ತು ಸಹೋದ್ಯೋಗಿ ಗೋಟಿಯೆ ಬೇರೆ ಬೇರೆ ವಸ್ತುಗಳನ್ನು ರಕ್ತಕ್ಕೆ ಸೇರಿಸಿ, ಮಿದುಳನ್ನು ಆವರಿಸಿರುವ ದ್ರವದಲ್ಲಿ ಅವುಗಳನ್ನು ಹುಡುಕಿದರು. ಕೆಲವು ದೊರೆತವು, ಕೆಲವು ದೊರೆಯಲಿಲ್ಲ. ಅಂದರೆ ಇದು ಎಲ್ಲವನ್ನೂ ತಡೆಯುವ ಗೋಡೆಯಲ್ಲ, ಆರಿಸಿ ಒಳಬಿಡುವ ವ್ಯವಸ್ಥೆ. 1921ರಲ್ಲಿ ಸ್ಟರ್ನ್ ಇದಕ್ಕೆ ರಕ್ತ-ಮಿದುಳು ತಡೆ ಎಂಬರ್ಥದ ಫ್ರೆಂಚ್ ಹೆಸರನ್ನು ಬಳಸಿದರು. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುವುದೇ ಇದಕ್ಕೆ ಮುಖ್ಯ ಕಾರಣವೆಂಬುದು ಬಹಳ ತಡವಾಗಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಸ್ಪಷ್ಟವಾಯಿತು.

ಮಾಸ್ಕೋ

1925ರಲ್ಲಿ ಸ್ಟರ್ನ್ ಮಾಸ್ಕೋಗೆ ತೆರಳಿದರು. ಈ ಕ್ಷೇತ್ರದ ಕಾರ್ಯಕ್ಕಾಗಿ 1943ರಲ್ಲಿ ಸ್ಟಾಲಿನ್ ಪ್ರಶಸ್ತಿ ಲಭಿಸಿತು. ಮಿದುಳಿನ ಪೊರೆಗಳಿಗೆ ತಗಲುವ ಕ್ಷಯ ಆ ಕಾಲದಲ್ಲಿ ಬಹುತೇಕ ಮಾರಣಾಂತಿಕವಾಗಿತ್ತು. ಅನೇಕ ಮಕ್ಕಳು ಅದಕ್ಕೆ ಬಲಿಯಾಗುತ್ತಿದ್ದರು. ಹೊಸದಾಗಿ ಬಂದ ಸ್ಟ್ರೆಪ್ಟೊಮೈಸಿನ್ ಕ್ಷಯಾಣುಗಳನ್ನು ಕೊಲ್ಲುತ್ತಿತ್ತು, ಆದರೆ ಸ್ನಾಯುವಿಗೆ ಚುಚ್ಚಿದರೆ ತಡೆಯನ್ನು ದಾಟಿ ಹೋಗುತ್ತಿದ್ದುದು ಅತ್ಯಲ್ಪ. ಸ್ಟರ್ನ್ ತಲೆಯ ಹಿಂಭಾಗದ ಕೆಳಗೆ, ಕತ್ತಿನ ಮೇಲ್ತುದಿಯಲ್ಲಿ ಸೂಜಿ ಇಳಿಸಿ ಔಷಧವನ್ನು ನೇರವಾಗಿ ಮಿದುಳಿನ ದ್ರವಕ್ಕೇ ಸೇರಿಸುವ ಚಿಕಿತ್ಸೆಯನ್ನು ಪ್ರತಿಪಾದಿಸಿದರು. ಇದು ಅಪಾಯರಹಿತವಾಗಿರಲಿಲ್ಲ, ಸ್ಟ್ರೆಪ್ಟೊಮೈಸಿನ್ ಶ್ರವಣಶಕ್ತಿಗೆ ಹಾನಿಮಾಡಬಲ್ಲ ಔಷಧ. ಆದರೂ ಸಾವು ಖಚಿತವೆಂದೇ ಭಾವಿಸಿದ್ದ ರೋಗಿಗಳಿಗೆ ಇದೊಂದು ದಾರಿಯಾಯಿತು.

ಬಂಧನ ಮತ್ತು ನಂತರ

ಯಹೂದಿ ಫ್ಯಾಸಿಸ್ಟ್-ವಿರೋಧಿ ಸಮಿತಿಯ ಸದಸ್ಯರಾಗಿದ್ದ ಸ್ಟರ್ನ್ ಅವರನ್ನು 1949ರ ಜನವರಿಯಲ್ಲಿ ಬಂಧಿಸಲಾಯಿತು. 1952ರ ರಹಸ್ಯ ವಿಚಾರಣೆಯ ನಂತರ 13 ಮಂದಿ ಸಹ-ಆರೋಪಿಗಳನ್ನು ಗುಂಡಿಟ್ಟು ಕೊಲ್ಲಲಾಯಿತು. ಇನ್ನೊಬ್ಬರು ಸೆರೆಯಲ್ಲೇ ತೀರಿಕೊಂಡರು. ಸ್ಟರ್ನ್‌ಗೆ ಮಾತ್ರ ಸೆರೆವಾಸ ಹಾಗೂ ಕಜಾಕಸ್ತಾನಕ್ಕೆ ಗಡೀಪಾರು ವಿಧಿಸಲಾಯಿತು. ತಡೆಯನ್ನು ಸುಲಭವಾಗಿ ದಾಟುವ ಐಸೋನಿಯಾಜಿಡ್ ಕ್ಷಯಕ್ಕೆ ಬಳಕೆಗೆ ಬಂದದ್ದೂ ಅದೇ ವರ್ಷ.

ಸ್ಟಾಲಿನ್ ಮರಣಾನಂತರ 1953ರಲ್ಲಿ ಮಾಸ್ಕೋಗೆ ಮರಳಿದ ಅವರು, ಜೀವಭೌತವಿಜ್ಞಾನ ಸಂಸ್ಥೆಯ ಶರೀರಕ್ರಿಯಾ ವಿಭಾಗವನ್ನು ಮುನ್ನಡೆಸಿ, ಕೊನೆಯವರೆಗೂ ತಡೆಯ ಅಧ್ಯಯನದಲ್ಲಿಯೇ ತೊಡಗಿದ್ದರು.