ಒಂದೇ ಮಾತಿಗೆ ಬಿಷಪ್ ಸೋತರೇ? ಹಕ್ಸ್‌ಲಿ ಕಥೆಯ ಅಸಲಿಯತ್ತೇನು?

ಥಾಮಸ್ ಹೆನ್ರಿ ಹಕ್ಸ್‌ಲಿ ಹುಟ್ಟಿದ್ದು 1825ರಲ್ಲಿ, ಇಂಗ್ಲೆಂಡಿನ ಈಲಿಂಗ್‌ನಲ್ಲಿ. ಶಾಲೆಗೆ ಹೋಗಿದ್ದು ಎರಡೇ ವರ್ಷ. ನೌಕಾಪಡೆಯ ಹಡಗಿನಲ್ಲಿ ಸಹಾಯಕ ವೈದ್ಯರಾಗಿ ಆಸ್ಟ್ರೇಲಿಯಾ ಕಡೆ ಹೋದಾಗ ಕಡಲಜೀವಿಗಳನ್ನು ಅಧ್ಯಯನ ಮಾಡಿ, 26ನೇ ವಯಸ್ಸಿಗೇ ರಾಯಲ್ ಸೊಸೈಟಿಯ ಫೆಲೋ ಆದರು.

1860ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ವಾರ್ಷಿಕ ಸಭೆ ಆಕ್ಸ್‌ಫರ್ಡ್‌ನಲ್ಲಿ ನಡೆಯಿತು. ಜೂನ್ 30ರಂದು, ವಿಶ್ವವಿದ್ಯಾಲಯದ ಹೊಸ ಮ್ಯೂಸಿಯಂನಲ್ಲಿ, ಬಿಷಪ್ ವಿಲ್ಬರ್‌ಫೋರ್ಸ್ ಡಾರ್ವಿನ್‌ರ ವಿಕಾಸವಾದವನ್ನು ಟೀಕಿಸಿದರು. ಹಕ್ಸ್‌ಲಿ ಎದ್ದು ಉತ್ತರ ಕೊಟ್ಟರು.

ಒಂದೇ ಮಾತಿನಲ್ಲಿ ಅವರು ಬಿಷಪ್ ಬಾಯಿ ಮುಚ್ಚಿಸಿದರು ಎಂಬ ಕಥೆ ನಿಮಗೂ ಬಂದಿರಬಹುದು. ಆದರೆ ಆ ಮಾತನ್ನು ಅಲ್ಲಿ ಯಾರೂ ಅಕ್ಷರಶಃ ದಾಖಲಿಸಿರಲಿಲ್ಲ. ಅಷ್ಟು ದೊಡ್ಡ ಸಭೆಗೆ ಹಕ್ಸ್‌ಲಿಯವರ ದನಿಯೇ ಸಾಲಲಿಲ್ಲ ಎಂದು, ಅಲ್ಲಿದ್ದ ಸಸ್ಯವಿಜ್ಞಾನಿ ಹೂಕರ್ ಎರಡೇ ದಿನಕ್ಕೆ ಡಾರ್ವಿನ್‌ಗೆ ಪತ್ರ ಬರೆದರು.

1895ರಲ್ಲಿ ತೀರಿಕೊಂಡ ಹಕ್ಸ್‌ಲಿ ಜೀವನವಿಡೀ ಕೇಳಿದ್ದು ಪುರಾವೆಯನ್ನೇ. ಅವರ ಹೆಸರಿನ ಫಾರ್ವರ್ಡ್‌ಗೂ ಅದೇ ನಿಯಮ.