ಕೆಲಸ ಕಳೆದುಕೊಂಡ ದೊರೆ

ಚಾಮರಾಜೇಶ್ವರನ ಆಷಾಢದ ತೇರನ್ನು ನೋಡದ ವಿದ್ಯಾರ್ಥಿ ನಮ್ಮ ಸೀಮೆಯಲ್ಲಿ ವಿರಳ. ಹೊಸದಾಗಿ ಮದುವೆಯಾದವರ ಗುಂಪನ್ನು ನೋಡುವುದಕ್ಕಾಗಿಯೇ ಹೋಗುವವರೂ ನಮ್ಮಲ್ಲಿದ್ದಾರೆ! ಆ ದೇವಾಲಯವನ್ನು 1826ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರಕ್ಕೆ ತಂದೆಯ ಹೆಸರನ್ನೇ ಇಟ್ಟು ಚಾಮರಾಜನಗರವೆಂದು ಕರೆದವರೂ, ಇಲ್ಲಿಯ ಜನನ ಮಂಟಪವನ್ನು ಕಟ್ಟಿಸಿದವರೂ ಅವರೇ. ಇಷ್ಟು ಎಲ್ಲರೂ ಬಲ್ಲರು. ಗುಡಿ ಕಟ್ಟಿಸಿದ ಐದೇ ವರ್ಷಕ್ಕೆ ಈ ದೊರೆ ತಮ್ಮ ಕೆಲಸವನ್ನು ಕಳೆದುಕೊಂಡರೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಅವರು ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಟಿಪ್ಪು ಮಡಿದ ಮೇಲೆ 1799ರ ಜೂನ್ 30ರಂದು, ಐದನೆಯ ವಯಸ್ಸಿನಲ್ಲಿ ಪಟ್ಟವಾಯಿತು. ಅಜ್ಜಿ ಲಕ್ಷ್ಮಮ್ಮಣ್ಣಿಯವರ ಆರೈಕೆ, ದಿವಾನ್ ಪೂರ್ಣಯ್ಯನವರ ಆಡಳಿತ. ಪೂರ್ಣಯ್ಯನವರು ನಿವೃತ್ತರಾದ ಮೇಲೆ ಹದಿನೇಳರ ಆಸುಪಾಸಿನ ತರುಣನ ಕೈಗೆ ರಾಜ್ಯ ಬಂತು.

ಆ ರಾಜ್ಯಭಾರ ನಿರ್ದೋಷವಾಗಿತ್ತೆಂದು ಹೇಳಲಾಗದು. ಇಷ್ಟು ಕಂದಾಯ ಕೂಡಿಸಿಯೇ ತೀರುವೆನೆಂದು ಅಮಲ್ದಾರರಿಂದ ಬರೆಯಿಸಿಕೊಳ್ಳುವ ಷರತ್ತಿನ ಪದ್ಧತಿ ರೈತನ ಬೆನ್ನು ಮುರಿಯಿತು. ಕಂಪನಿ ಸರ್ಕಾರಕ್ಕೋ ವರ್ಷವರ್ಷವೂ ಏಳು ಲಕ್ಷ ವರಹದ ಪೊಗದಿ ಸಲ್ಲಬೇಕು. 1830ರಲ್ಲಿ ನಗರದ ರೈತರು ದಂಗೆಯೆದ್ದರು. ಅವರ ಸಂಕಟ ನಿಜವಾದದ್ದು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಸಿದುಕೊಂಡು ಕಮಿಷನರುಗಳ ಕೈಗಿತ್ತನು. ಮುಂದೆ ನಡೆದ ವಿಚಾರಣೆಯಲ್ಲಿ ದೂರುಗಳು ಉತ್ಪ್ರೇಕ್ಷೆಯವೆಂದು ಕಂಡುಬಂದು ಬೆಂಟಿಂಕನೇ ಮನಸ್ಸು ಬದಲಿಸಿದರೂ ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಆಗ ಒಡೆಯರಿಗೆ 37 ವರ್ಷ.

ಅವರ ವಂಶದ ಚಿಕ್ಕದೇವರಾಜ ಒಡೆಯರೂ ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ವರ್ಷಗಟ್ಟಲೆ ಕಾದಿದ್ದವರೇ. ಆದರೆ ಅದು ಪಟ್ಟ ಸಿಗುವ ಮುಂಚಿನ ಕಾಯುವಿಕೆ. 1673ರಲ್ಲಿ ಅದು ಕೊನೆಗೊಂಡಿತು. ಮುಮ್ಮಡಿಯವರಿಗೆ ಕೊನೆಯೇ ಕಾಣದ ಬಿಡುವು ಒದಗಿತ್ತು. ವರ್ಷಕ್ಕೆ ಒಂದು ಲಕ್ಷ ವರಹ, ಜೊತೆಗೆ ನಿವ್ವಳ ಹುಟ್ಟುವಳಿಯಲ್ಲಿ ಐದನೆಯ ಒಂದು ಪಾಲು ಬರುತ್ತಿದ್ದುದರಿಂದ ಕೆಲಸ ಹೋದ ಗುಮಾಸ್ತನಂತೆ ಅಕ್ಕಿಗೆ ಪರದಾಡಬೇಕಾಗಿರಲಿಲ್ಲ. ಆದರೂ ಹುಟ್ಟಿನಿಂದ ಒಂದೇ ಕಸುಬಿಗೆ ಸಿದ್ಧನಾದವನಿಂದ ಆ ಕಸುಬನ್ನು ಕಿತ್ತುಕೊಂಡರೆ ಬೆಳಗಾದೊಡನೆ ಏನು ಮಾಡಬೇಕು?

ಒಡೆಯರು ವಿದ್ಯೆಯ ಕಡೆಗೆ ತಿರುಗಿದರು. ಮೊದಲಿದ್ದ ಹವ್ಯಾಸವೇ ಈಗ ವೃತ್ತಿಯಾಯಿತು. ಪಂಡಿತರನ್ನೂ ಚಿತ್ರಗಾರರನ್ನೂ ಕೂಡಿಸಿಕೊಂಡು ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿಯನ್ನು ಸಿದ್ಧಪಡಿಸಿದರು. ಅದರ ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ಇಂದು ದೇಶವಿದೇಶಗಳ ಯೋಗದ ಚರಿತ್ರೆಕಾರರು ಅವನ್ನು ಹುಡುಕಿಕೊಂಡು ಬರುತ್ತಾರೆ. 360 ಎಲೆಗಳ ಗಂಜೀಫಾ ಆಟವೂ ಅವರ ಆಸ್ಥಾನದಲ್ಲಿ ರೂಪುಗೊಂಡಿತು. ಅವರ ಹೆಸರಿನ ಗ್ರಂಥಗಳಲ್ಲಿ ಅವರ ಕೈ ಎಷ್ಟು, ಪಂಡಿತರ ಕೈ ಎಷ್ಟು ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಆ ಚರ್ಚೆ ಇರಬೇಕಾದದ್ದೇ. ನನಗಂತೂ ಚದುರಂಗದ ಮಣೆಯ ಮುಂದೆ ಕುಳಿತ ಒಡೆಯರೇ ಹೆಚ್ಚು ಹತ್ತಿರದವರಾಗಿ ಕಾಣುತ್ತಾರೆ. ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಹನ್ನೆರಡು, ಒಟ್ಟು 144 ಮನೆಗಳು. ಕುದುರೆ ಪ್ರತಿಯೊಂದು ಮನೆಗೂ ಒಂದೇ ಸಲ ಇಳಿದು ಮಣೆಯೆಲ್ಲ ಸುತ್ತಬೇಕು. ಆ ನಡೆಗಳ ಅಂಕಿಗಳನ್ನು ಮನೆಗಳಲ್ಲಿ ಬರೆದು ಯಾವ ಅಡ್ಡಸಾಲನ್ನು, ಯಾವ ಕಂಬಸಾಲನ್ನು ಕೂಡಿದರೂ 870 ಬರುತ್ತದೆ. ಗಣಿತದ ಗೆಳೆಯರು ಒಂದು ಸಂಜೆ ಪ್ರಯತ್ನಿಸಿ ನೋಡಲಿ, ಎಷ್ಟು ತಾಳ್ಮೆ ಬೇಕೆಂಬುದು ತಿಳಿದೀತು.

ಆಡಳಿತ ಹೋದ ಎರಡನೆಯ ವರ್ಷ, 1833ರಲ್ಲಿ, ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದರು. ಮುಂದೆ ಮಹಾರಾಜಾ ಕಾಲೇಜು ಬೆಳೆದದ್ದು ಆ ಬೇರಿನಿಂದಲೇ. ಅಳಿಯ ಲಿಂಗರಾಜರು ನಮ್ಮ ಚಾಮರಾಜನಗರದವರು. ಗಿರಿಜಾಕಲ್ಯಾಣ ಮೊದಲಾದ ಯಕ್ಷಗಾನಗಳನ್ನು ಬರೆದರು. ಮುಂದೆ ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು ಬಾಲ್ಯದಲ್ಲಿ ಬೆಳೆದದ್ದು ಈ ಅರಮನೆಯ ಆಶ್ರಯದಲ್ಲಿ.

ಆದರೆ ಹಳೆಯ ಕೆಲಸದ ಆಸೆಯನ್ನು ಒಡೆಯರು ಬಿಟ್ಟುಕೊಟ್ಟರೆಂದು ತಿಳಿಯಬಾರದು. ಒಂದು ಕೈಯಲ್ಲಿ ಗ್ರಂಥ, ಇನ್ನೊಂದು ಕೈಯಲ್ಲಿ ಅರ್ಜಿ! ಕಲ್ಕತ್ತೆಗೂ ಲಂಡನ್ನಿಗೂ ಮನವಿಗಳು ಹೋಗುತ್ತಲೇ ಇದ್ದವು. ಕಬ್ಬನ್ ಬಂದು ಹೋದರು, ಬೌರಿಂಗ್ ಬಂದರು; ಉತ್ತರ ಮಾತ್ರ ಬದಲಾಗಲಿಲ್ಲ. 1865ರಲ್ಲಿ, ಎಪ್ಪತ್ತು ಮೀರಿದ ಮೇಲೆ, ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಮಗನಿಗೆ ರಾಜ್ಯವನ್ನು ಹಿಂದಿರುಗಿಸಲು ಲಂಡನ್ 1867ರಲ್ಲಿ ಸಮ್ಮತಿಸಿತು, ತಂದೆಗೆ ಅಲ್ಲ.

ಮರುವರ್ಷ ಮಾರ್ಚ್ 27ರಂದು ಒಡೆಯರು ತೀರಿಕೊಂಡರು. ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಬಂದದ್ದು 1881ರ ಮಾರ್ಚ್ 25ರಂದು.