ಪ್ರಾರ್ಥನೆಯ ಬಲ: ಪಂಡಿತಾ ರಮಾಬಾಯಿ

ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಡುವ ನಾವು ಪುಣೆ ದಾಟಿದ ಮೇಲೆ, ದೌಂಡ್‌ಗೆ ಮೊದಲು ಕೇಡ್‌ಗಾಂವ್ ಎಂಬ ಸಣ್ಣ ಸ್ಟೇಷನ್ ಹಾದುಹೋಗುತ್ತೇವೆ. ಪಂಡಿತಾ ರಮಾಬಾಯಿಯವರು ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲೇ. ಅವರನ್ನು ಮಹಾರಾಷ್ಟ್ರದವರೆಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಬಳಿಯ ಮಾಳದವರು.

ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಶಾಸ್ತ್ರಿಗಳು ವಿರೋಧ ಎದುರಿಸಬೇಕಾಯಿತು. ಮಗಳಿಗೂ ಅದೇ ವಿದ್ಯೆ ದೊರೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣನೊಡನೆ ನಡೆಯುತ್ತಾ 1878ರಲ್ಲಿ ಕಲ್ಕತ್ತೆ ತಲುಪಿದಾಗ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಣ್ಣ 1880ರಲ್ಲಿ, ಪತಿ ಬಿಪಿನ್ ಬಿಹಾರಿಯವರು 1882ರಲ್ಲಿ ಹೋದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ವೈದ್ಯಕೀಯ ಓದಬೇಕೆಂದಿದ್ದರು, ಕಿವಿ ಮಂದವಾಗಿ ಆ ಆಸೆ ಬಿಡಬೇಕಾಯಿತು. 1886ರಲ್ಲಿ ನಮ್ಮ ಕಲ್ಯಾಣದಲ್ಲೇ ಹುಟ್ಟಿದ ಡಾ. ಆನಂದಿಬಾಯಿ ಜೋಶಿಯವರ ಪದವಿ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು. ಮರಳಿ ಬಂದು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು.

ಕ್ರೈಸ್ತರಾದರೂ ಮನಸ್ಸಿಗೆ ನೆಮ್ಮದಿ ಸಿಕ್ಕಿರಲಿಲ್ಲ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳ ನಂತರವೇ ನಂಬಿಕೆ ತಮ್ಮದಾಯಿತೆಂದು ಅವರಿಗೆ ಅನಿಸಿದ್ದು. ಬೆಳಗಿನ ಪ್ರಾರ್ಥನೆ ದಿನಚರಿಯಾಯಿತು. ಮುಚ್ಚದ ಬಾಗಿಲಿನಿಂದ ಹುಡುಗಿಯರೂ ಬಂದು ಕೂರತೊಡಗಿದಾಗ ಮತಾಂತರದ ಆರೋಪ ಬಂತು. 1893ರಲ್ಲಿ ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಪೋಷಕರ ಆತಂಕವನ್ನು ಸುಳ್ಳೆನ್ನಲಾಗದು. ತಮ್ಮ ಪ್ರಾರ್ಥನೆಯನ್ನು ಮರೆಮಾಚಲು ರಮಾಬಾಯಿಯವರೂ ಒಪ್ಪಲಿಲ್ಲ.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಹಸಿವೆಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಕೇಡ್‌ಗಾಂವ್‌ನ ಹೊಲದಲ್ಲಿ ಮುಕ್ತಿ ಬೆಳೆಯಿತು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರು ಸುಮಾರು 2000. ಅಷ್ಟು ಜನರಿಗೆ ದಿನವೂ ಅಡುಗೆ, ನೀರು, ಬಟ್ಟೆ, ಪಾಠ! ನಾಲ್ಕು ಜನರ ಮನೆ ನಡೆಸುವುದರಲ್ಲೇ ದಣಿಯುವ ನಮಗೆ ಅದರ ಭಾರ ಊಹಿಸುವುದೂ ಕಷ್ಟ.

ಆಸ್ಟ್ರೇಲಿಯ, ವೇಲ್ಸ್‌ಗಳ ಉಜ್ಜೀವನದ ಸುದ್ದಿ ಕೇಳಿ 1905ರ ಜನವರಿಯಲ್ಲಿ ವಿಶೇಷ ಪ್ರಾರ್ಥನೆಗೆ ಕರೆ ಕೊಟ್ಟರು. ಮೊದಲು ಕೂಡಿದವರು ಸುಮಾರು 70 ಮಂದಿ. ಜೂನ್ ಹೊತ್ತಿಗೆ ಅದು 500ರಷ್ಟಾಯಿತು. ಆ ತಿಂಗಳ ಕೊನೆಯಲ್ಲಿ ಹುಡುಗಿಯರು ಅಳುತ್ತಾ, ಗಟ್ಟಿಯಾಗಿ ಪ್ರಾರ್ಥಿಸುತ್ತಾ ಪಾಪ ಒಪ್ಪಿಕೊಂಡರು. ನಂತರ ತಂಡ ಕಟ್ಟಿಕೊಂಡು ಸುತ್ತಲ ಹಳ್ಳಿಗಳಿಗೆ ಸೇವೆಗೆ ಹೋದರು. ಮುಕ್ತಿಯಲ್ಲಿ ಹೊಲ, ನೇಯ್ಗೆ, ಅಚ್ಚುಕೂಟದ ಕೆಲಸವೂ ನಡೆದೇ ಇತ್ತು. ನನಗೆ ಮೆಚ್ಚುಗೆಯಾಗುವುದು ಇದೇ.

ಕೊನೆಯ ವರ್ಷಗಳನ್ನು ಅವರು ಬೈಬಲ್ಲಿಗೆ ಕೊಟ್ಟರು. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ಅನುವಾದಿಸಿದರು. ಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. ಆಸರೆಯಾಗಿದ್ದ ಮನೋರಮಾ 1921ರ ಜುಲೈಯಲ್ಲಿ ತೀರಿಕೊಂಡರು. ತಾಯಿ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರು ಕಣ್ಮುಚ್ಚಿದರು. ಪೂರ್ಣ ಬೈಬಲ್ 1924ರಲ್ಲಿ ಮುಕ್ತಿಯ ಅಚ್ಚುಕೂಟದಿಂದ ಹೊರಬಂತು.